ಕಳಚಲಾಗದ ಕುರ್ಚಿ

ಅಕ್ಕಾ, ಲಾರಿಯೂ ನಾನೂ ಗಡಿಯವರೆಗೆ ಸುಖವಾಗಿ ಬಂದೆವು. ಆದರೆ ಇಲ್ಲಿ ಕಂಡದ್ದನ್ನು ನಿನಗೆ ಹೇಳಲೇಬೇಕು. ನಾನು ದಾರಿಯಲ್ಲಿದ್ದಾಗಲೇ ಪಕ್ಕದ ದೇಶದವರು ನಮ್ಮ ಕುರ್ಚಿಗಳ ಮೇಲಿನ ಸುಂಕವನ್ನು ಮೂರು ಪಟ್ಟು ಏರಿಸಿದ್ದಾರೆ. ಬಿಡಿ ಮರಕ್ಕೆ ಮಾತ್ರ ಸುಂಕವಿಲ್ಲ. ಹಾಗಾಗಿ ವ್ಯಾಪಾರಿಗಳೇ ಗೇಟಿನ ಪಕ್ಕದ ಶೆಡ್ಡಿನಲ್ಲಿ ಹೊಚ್ಚ ಹೊಸ ಕುರ್ಚಿಗಳನ್ನು ಕಳಚಿ ಹಾಕಿಸುತ್ತಿದ್ದಾರೆ ಕಣಕ್ಕಾ! ಆಚೆ ಹೋದ ಮೇಲೆ ಮತ್ತೆ ಜೋಡಿಸುತ್ತಾರಂತೆ.

ಬೇರೆಯವರ ಕುರ್ಚಿಗಳು ಎರಡೇ ಏಟಿಗೆ ಬಿಚ್ಚಿಕೊಂಡವು. ನಮ್ಮ ಭಾವ ಮಾಡಿದ ನಲವತ್ತಕ್ಕೆ ಮೂವರು ಸುತ್ತಿಗೆ ಹಿಡಿದು ಬೆವರು ಸುರಿಸಿದರೂ ಒಂದು ಕಾಲೂ ಅಲುಗಲಿಲ್ಲ. "ಯಾವ ಪುಣ್ಯಾತ್ಮ ಮಾಡಿದ್ದಪ್ಪಾ ಇದನ್ನ?" ಅಂತ ಒಬ್ಬ ಬೈದ. ನಾನು ಲಾರಿಯ ಹಗ್ಗ ಸುತ್ತಿಡಲು ಹೋದೆ. ಕೊನೆಗೆ ಗರಗಸ ತಂದು ಕೊಯ್ದರು. ಕೊಯ್ದದ್ದನ್ನು ಇನ್ನು ಯಾರೂ ಜೋಡಿಸಲಾರರು. ಅಷ್ಟೂ ಸೌದೆಯಾಗಿ ಗಡಿ ದಾಟಿತು.

ನನ್ನ ಬೆನ್ನುನೋವು ಪರವಾಗಿಲ್ಲ, ಮುಲಾಮು ಮಾತ್ರ ಮುಗಿದಿದೆ. ಈ ಕಾರ್ಡು ಭಾವನ ಕೈಗೆ ಸಿಗದ ಹಾಗೆ ನೋಡಿಕೋ. ಮುಂದಿನ ಲೋಡನ್ನು ಸ್ವಲ್ಪ ಸಡಿಲವಾಗಿ ಮಾಡಿ ಅಂತ ಅವರಿಗೆ ಹೇಗೆ ಹೇಳುತ್ತೀಯೋ, ನೀನೇ ಹೇಳು. ನನ್ನಿಂದಾಗದು. ಗೇಟು ತೆಗೆದರು, ಹೊರಟೆ.

ನಿನ್ನ ತಮ್ಮ