ಸೊಟ್ಟ ನಾಣ್ಯ ಮನೆಗೆ ಬಂದದ್ದು

ಮಾರ್ಚ್ ೧೪, ಶನಿವಾರ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ನೀನು, ಅಳಿಯಂದಿರು, ನನ್ನ ಬಾಯಿಬಡುಕಿ ಮೊಮ್ಮಗಳು ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಏನಾದರೊಂದು ಅಡ್ಡ ಬರುತ್ತಿತ್ತು. ಅಂಗಡಿಯಲ್ಲಿ ಕೈತುಂಬ ಕೆಲಸ ಎಂದರೆ ನೀನು ನಂಬುವವಳಲ್ಲ. ಎಲ್ಲರೂ ಬ್ಯಾಟರಿ ತಕ್ಕಡಿಗೆ ಹೋಗಿಯಾಯಿತು, ಹಳೇ ತಕ್ಕಡಿ ಹೊತ್ತುಕೊಂಡು ರಿಪೇರಿಗೆ ಬರುವವರು ನನ್ನಷ್ಟೇ ಹಳಬರು. ಮುದುಕನ ಸೋಮಾರಿತನ ಎಂದು ಬೈದು ಸುಮ್ಮನಾಗು. ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀಯ. ನಿನ್ನಮ್ಮ ಪಕ್ಕದಲ್ಲಿದ್ದರೆ ಫೋನ್ ನನ್ನ ಕೈಗೆ ಎಲ್ಲಿ ಸಿಗುತ್ತದೆ? ಈ ಕಾಗದವನ್ನೂ ಅವಳು ಓದಿ, ಕೆಳಗೆ ತನ್ನದೊಂದು ಒಗ್ಗರಣೆ ಹಾಕಿಯೇ ಕಳಿಸುವವಳು. ನಿನಗೆ ಗೊತ್ತಿರುವುದೇ.

ಸುದ್ದಿಗೆ ಬರುತ್ತೇನೆ. ನಿನ್ನ ತಮ್ಮನ ಸೊಟ್ಟ ಸಿಕ್ಕಿತು.

ಸೊಟ್ಟ ನಿನಗೆ ಮರೆತಿರಲಾರದು. ಟಂಕಸಾಲೆಯಲ್ಲಿ ಅಚ್ಚು ಜಾರಿ, ಚಿತ್ರವೆಲ್ಲ ಒಂದು ಪಕ್ಕಕ್ಕೆ ವಾಲಿ, ಇನ್ನೊಂದು ಪಕ್ಕ ಬೋಳಾಗಿ ಉಳಿದ ನಾಣ್ಯ. ನಾನು ಕೂಡಿಹಾಕಿದ ನಾಣ್ಯಗಳಲ್ಲೆಲ್ಲ ಬೆಲೆಬಾಳುವುದು ಅದೊಂದೇ ಇತ್ತು. ರಿಪೇರಿಯಾದ ತೂಕದ ಬಟ್ಟುಗಳಿಗೆ ಅಂಗಡಿಯ ಗುರುತೆಂದು ನಾನು ಪುಟ್ಟ ನಕ್ಷತ್ರ ಒತ್ತುತ್ತೇನಲ್ಲ, ಅದೇ ಉಕ್ಕಿನ ಪಂಚ್ ತೆಗೆದುಕೊಂಡು ನಿನ್ನ ತಮ್ಮ ಚಿಕ್ಕಂದಿನಲ್ಲಿ ನಾಣ್ಯದ ಅಂಚಿಗೂ ಒಂದು ನಕ್ಷತ್ರ ಒತ್ತಿಬಿಟ್ಟಿದ್ದ. "ಇದೂ ಸೊಟ್ಟ ಇತ್ತಲ್ಲಪ್ಪಾ, ರಿಪೇರಿ ಮಾಡ್ದೆ" ಅಂದ. ನಾಣ್ಯದ ಬೆಲೆ ಮಣ್ಣುಪಾಲಾಯಿತು. ಬೈಯಬೇಕೆಂದರೆ ನಗು ಬಂತು, ಅವನಿಗೇ ಕೊಟ್ಟುಬಿಟ್ಟೆ. ದೊಡ್ಡವನಾದ ಮೇಲೂ ಅದು ಅವನ ಜೇಬು ಬಿಡಲಿಲ್ಲ. ಬಂದರಿನ ಕೆಲಸಕ್ಕೆ ಹೊರಟ ದಿನ ಜೇಬು ತಟ್ಟಿ ತೋರಿಸಿಯೇ ಬಸ್ಸು ಹತ್ತಿದ್ದ. ಅಲ್ಲಿಂದ ಲಾರಿಗಳ ಜೊತೆ ಎಲ್ಲಿಗೋ ಹೋದನೆಂದರು. ಫೋನ್ ನಿಂತಿತು. ಮುಂದಿನದು ನಿನಗೆ ಗೊತ್ತು. ಪೊಲೀಸರು "ಹುಡುಕ್ತಾ ಇದೀವಿ ಯಜಮಾನ್ರೇ" ಎನ್ನುತ್ತಲೇ ಇದ್ದಾರೆ.

ಹೋದ ತಿಂಗಳು ಅಂಗಡಿಯಲ್ಲಿ ನೊಣ ಹೊಡೆಯುತ್ತ, ನೀನು ಫೋನಿನಲ್ಲಿ ಹಾಕಿಕೊಟ್ಟ ಹಳೇ ನಾಣ್ಯಗಳ ಹರಾಜಿನ ತಾಣ ನೋಡುತ್ತಿದ್ದೆ. ಅಲ್ಲಿ ಸೊಟ್ಟ ಇತ್ತು. ಫೋನ್ ಎಣ್ಣೆ ಬಟ್ಟಲಿಗೆ ಬೀಳುವುದರಲ್ಲಿತ್ತು. ಅಚ್ಚು ಜಾರಿದ ನಾಣ್ಯಗಳು ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಆದರೂ ಫೋಟೋದಲ್ಲಿ ಮುಂಭಾಗ, ಹಿಂಭಾಗ ಮಾತ್ರ ಇತ್ತು. ನಕ್ಷತ್ರ ಇದ್ದದ್ದು ಅಂಚಿನಲ್ಲಿ.

ನಿನ್ನಮ್ಮನಿಗೆ ತೋರಿಸಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. "ಅವನದೇ ಕಣ್ರೀ. ದುಡ್ಡಿಗೆ ತಾಪತ್ರಯ ಆಗಿರ್ಬೇಕು, ಮಾರ್ಕೊಂಡಿದಾನೆ. ಮಾರಿದಾನೆ ಅಂದ್ರೆ ಇದಾನೆ ತಾನೆ?" ಎಂದಳು. ಆಮೇಲೆ ಒಳಗೆ ಹೋಗಿ ಅವನ ಹಾಸಿಗೆಯ ಹೊದಿಕೆಗಳನ್ನೆಲ್ಲ ತೆಗೆದು ಒಗೆಯಲು ಹಾಕಿದಳು.

ನೀನು ಹೇಳಿಕೊಟ್ಟ ಪಾಠ ಒಂದನ್ನೂ ಬಿಡಲಿಲ್ಲ. ವ್ಯಾಪಾರಿಯಿಂದ ಮೊದಲು ಕೊಂಡವರು ಏನೇನು ಬರೆದಿದ್ದಾರೆಂದು ಹೊಗಳಿದ್ದನ್ನು ಬಿಟ್ಟು ಬೈದದ್ದನ್ನೇ ಓದಿದೆ. ಬೇರೆಯವರ ಫೋಟೋ ಕದ್ದು ಹಾಕುವವರಿದ್ದಾರೆ ಎಂದಿದ್ದೆಯಲ್ಲ, ಅದಕ್ಕೆ "ಒಂದು ಚೀಟಿ ಮೇಲೆ ತಕ್ಕಡಿ ಅಂತ ಬರ್ದು, ನಾಣ್ಯದ ಪಕ್ಕ ಇಟ್ಟು ಫೋಟೋ ಕಳ್ಸಿ. ಹಾಗೇ ಅಂಚಿಂದೂ ಒಂದು ತೆಗೀರಿ" ಎಂದು ಬರೆದೆ. ಚೀಟಿಯ ಫೋಟೋ ಬಂತು. ಅಂಚು ಬರಲಿಲ್ಲ. ಬದಲಿಗೆ ಆಸಾಮಿ ಫೋನ್ ನಂಬರ್ ಇಸಕೊಂಡು ಬೆಣ್ಣೆ ಹಚ್ಚಲು ಶುರು ಮಾಡಿದ. "ಹರಾಜು ಗಿರಾಜು ಯಾಕೆ ಸಾರ್, ನನ್ ಖಾತೆಗೇ ಹಾಕ್ಬಿಡಿ, ಕಮ್ಮಿಗೆ ಕೊಡ್ತೀನಿ" ಅಂದ. ಹಾಗೆ ಹೊರಗಿನಿಂದ ಹಾಕಿದರೆ ದುಡ್ಡೂ ಇಲ್ಲ, ನಾಣ್ಯವೂ ಇಲ್ಲ, ಕೇಳುವವರೂ ಇಲ್ಲ. ತಾಣದ ಮೂಲಕ ಕೊಟ್ಟರೆ, ವಸ್ತು ಹೇಳಿದಂತೆಯೇ ಇದೆ ಎಂದು ನಾನು ಒಪ್ಪುವ ತನಕ ದುಡ್ಡು ಅವರ ಬಳಿಯೇ ಇರುತ್ತದೆ. "ಆಗಲ್ಲಪ್ಪ, ನನ್ ಮಗಳು ಬೈತಾಳೆ" ಅಂದೆ. ನಿನ್ನ ಹೆಸರು ಕೆಡಿಸಿದ್ದಕ್ಕೆ ಬೇಜಾರಿಲ್ಲವಷ್ಟೆ?

ಒಂದು ಪಾಠ ಮಾತ್ರ ಪಾಲಿಸಲಿಲ್ಲ. ಮನಸ್ಸಿನಲ್ಲಿ ಒಂದು ಬೆಲೆ ಇಟ್ಟುಕೊಂಡು ಅದರಾಚೆ ಹೋಗಬಾರದು ಎಂದಿದ್ದೆಯಲ್ಲ. ಇನ್ನೊಬ್ಬ ಯಾರೋ ಹಠಕ್ಕೆ ಬಿದ್ದವನ ಹಾಗೆ ಏರಿಸುತ್ತಲೇ ಇದ್ದ. ನಿನ್ನಮ್ಮ ಪಕ್ಕದಲ್ಲಿ ನಿಂತು "ಬಿಡ್ಬೇಡಿ, ಹಾಕಿ, ಹಾಕಿ" ಎನ್ನುತ್ತಿದ್ದಳು. ನಾಣ್ಯಕ್ಕೆ ಕಾಸು ಸುರಿಯುತ್ತೇನೆಂದು ಜನ್ಮವಿಡೀ ನನ್ನ ಜೀವ ತಿಂದವಳು ಅವಳೇ.

ಪೊಟ್ಟಣ ಬಂದಾಗ ಒಡೆಯುವ ಮೊದಲು ವಿಡಿಯೋ ಮಾಡಬೇಕು, ಒಳಗೆ ಬೇರೆ ಏನಾದರೂ ಇದ್ದರೆ ಸಾಕ್ಷಿಗಿರಲಿ ಎಂದಿದ್ದೆಯಲ್ಲ. ನಿನ್ನಮ್ಮ ವಿಡಿಯೋ ಮಾಡಿದಳು. ಮುಕ್ಕಾಲು ಪಾಲು ಅವಳ ಹೆಬ್ಬೆರಳೇ ಇದೆ. ಅಂಗಡಿಯ ಸಣ್ಣ ತಕ್ಕಡಿಯಲ್ಲಿ ತೂಗಿದೆ, ಸರಿ ಬಂತು. ಆಯಸ್ಕಾಂತ ಹಿಡಿದೆ, ಅಂಟಲಿಲ್ಲ. ಕೊನೆಗೆ ಭೂತಗನ್ನಡಿ ಹಿಡಿದು ಅಂಚನ್ನು ತಿರುಗಿಸುತ್ತ ಹೋದೆ. ನಕ್ಷತ್ರ ಇತ್ತು. ಒಂದು ಮೂಲೆ ಮೊಂಡಾದ ನಮ್ಮದೇ ನಕ್ಷತ್ರ.

ವ್ಯಾಪಾರಿಗೆ ಬರೆದೆ: "ಇದು ನಿಮ್ ಕೈಗೆ ಎಲ್ಲಿಂದ ಬಂತು ಹೇಳಿ, ಆಮೇಲೆ ಒಪ್ಪಿಗೆ ಒತ್ತುತೀನಿ." ವಿಚಾರಿಸಿ ಹೇಳುತ್ತೇನೆ ಎಂದ. ಪಾಪ, ಅವನ ದುಡ್ಡು ಹಿಡಿದಿಟ್ಟದ್ದು ಸರಿಯಲ್ಲ. ಆದರೆ ನನ್ನ ಕೈಯಲ್ಲಿದ್ದ ಜುಟ್ಟು ಅದೊಂದೇ.

ನಿನ್ನಮ್ಮನ ಓಡಾಟ ನೋಡಬೇಕು ನೀನು. ಮಂಡಿನೋವು ಎಲ್ಲಿ ಹೋಯಿತೋ. ಅವನ ಕೋಣೆಯ ಕಿಟಕಿ ಉಜ್ಜಿದ್ದಾಗಿದೆ, ಬಣ್ಣದವನಿಗೆ ಹೇಳಿದ್ದಾಗಿದೆ. ನಿನ್ನೆ ಊಟಕ್ಕೆ ಕೂತಾಗ ಎರಡು ಸಲ ನಕ್ಕಳು. ಇವಳು ನಗುವುದನ್ನು ಕೇಳಿ ಎಷ್ಟು ಕಾಲವಾಗಿತ್ತು ಎಂದು ನೆನೆದು ಅರ್ಧ ಊಟಕ್ಕೇ ಕೈ ತೊಳೆಯಲು ಎದ್ದೆ.

ಇನ್ನು ಅವಳಿಗೆ ಜಾಗ ಬಿಡುತ್ತೇನೆ. ಮೊಮ್ಮಗಳಿಗೆ ಮುತ್ತು. ಅಳಿಯಂದಿರಿಗೆ ಬೆನ್ನುನೋವಿಗೆ ನೆಲದ ಮೇಲೆ ಮಲಗಲು ಹೇಳು. ನೂರು ಕಾಲ ಸುಖವಾಗಿ ಬಾಳಿ.

ಇಂತಿ,
ನಿನ್ನ ಅಪ್ಪ

*ಮಗಳೇ, ಅಮ್ಮ ಬರೀತಿರೋದು. ನಿಮ್ಮಪ್ಪ ಎಲ್ಲಾ ಬರ್ದಿದಾರೆ, ನಂಗೆ ಉಳಿಸಿರೋದು ಇಷ್ಟೇ ಜಾಗ. ತಮ್ಮನ ಕೋಣೆಗೆ ಬಾದಾಮಿ ಬಣ್ಣ ಹೇಳಿದೀನಿ, ಅವ್ನಿಗೆ ಹಿಡಿಸುತ್ತೆ ಅಲ್ವಾ? ಅವ್ನು ಬಂದ್ರೆ ನೀನು ಏನೂ ಅನ್ನಬಾರ್ದು. ಬಯ್ಯೋದೆಲ್ಲ ನಾನು ಬಯ್ತೀನಿ.*

ತಾ.ಕ.: ಇದನ್ನು ಅಂಗಡಿಯಲ್ಲಿ ಬರೆಯುತ್ತಿದ್ದೇನೆ. ಮೇಲಿನದನ್ನೆಲ್ಲ ನಿನ್ನಮ್ಮ ಓದಿದ್ದಾಳೆ. ಇದನ್ನು ಓದಿಲ್ಲ.

ವ್ಯಾಪಾರಿಯ ಫೋನ್ ಬಂದು ಬಹಳ ದಿನವಾಯಿತು. ಕಾಗದ ತಡವಾದದ್ದು ಅದಕ್ಕೆ. ನಾವು ವಿಚಾರಿಸದೇ ಇದ್ದ ಒಂದು ಊರಿನ ಆಸ್ಪತ್ರೆಯಲ್ಲಿ, ಯಾರೂ ಕೇಳಿಕೊಂಡು ಬಾರದ ಹೆಣಗಳ ಜೇಬಿನ ಸಾಮಾನನ್ನು ಇಂತಿಷ್ಟು ಕಾಲ ಇಟ್ಟುಕೊಂಡು ಆಮೇಲೆ ಹರಾಜು ಹಾಕುತ್ತಾರಂತೆ. ಈ ವ್ಯಾಪಾರಿ ಅಲ್ಲಿ ಚೀಲಗಟ್ಟಲೆ ಕೊಳ್ಳುತ್ತಾನೆ. ಸೊಟ್ಟ ಇದ್ದ ಪುಟ್ಟ ಚೀಲ ರಸ್ತೆ ಬದಿಯಲ್ಲಿ ಸಿಕ್ಕ ಒಬ್ಬ ಹುಡುಗನದು. ಗುರುತಿನ ಚೀಟಿ ಇರಲಿಲ್ಲ. "ಬೇಜಾರ್ ಮಾಡ್ಕೋಬೇಡಿ ಸಾರ್, ಅದ್ರಲ್ಲಿ ಒಂದು ಬೀಗದ ಕೈನೂ ಇತ್ತು. ಕಾಸೇನೂ ಬೇಡ, ಕಳಿಸ್ತೀನಿ" ಅಂದ. ಮೊದಲು ಅಂಗಡಿಯ ವಿಳಾಸ ಕೊಟ್ಟೆ, ಆಮೇಲೆ ಕೂತೆ.

ಎಷ್ಟೋ ನಾಣ್ಯಗಳನ್ನು ಅಸಲಿ ಆಗಿರಲಿ ಎಂದುಕೊಂಡು ತೂಗಿದ್ದೇನೆ. ಸೊಟ್ಟವನ್ನೂ ಹಾಗೆಯೇ ತೂಗಿದ್ದೆ, ನಿನ್ನಮ್ಮನ ಮಾತು ನಂಬಿಕೊಂಡು. ಬೀಗದ ಕೈ ಬಂದ ದಿನ ಮಾತ್ರ ಇದು ನಮ್ಮದಲ್ಲದೇ ಇರಲಿ, ಯಾರದೋ ಆಗಿರಲಿ ಎಂದು ಬೇಡಿಕೊಂಡೆ. ಅಂಗಡಿಯ ಹಿಂಬಾಗಿಲಿನ ಬೀಗ ನಿನಗೆ ಗೊತ್ತು, ನನಗೇ ನಾಲ್ಕು ಸಲ ಸತಾಯಿಸುತ್ತದೆ. ಅದರ ಇನ್ನೊಂದು ಕೈ ನಿನ್ನ ತಮ್ಮನ ಬಳಿ ಇತ್ತು. ಅವತ್ತು ಬಂದ ಕೈ ಹಾಕಿದೆ, ಒಂದೇ ತಿರುವಿಗೆ ತೆರೆದುಕೊಂಡಿತು.

ಆಮೇಲೆ ಫೋನ್ ತೆಗೆದೆ. ವಸ್ತು ಹೇಳಿದಂತೆಯೇ ಇದೆಯೇ ಎಂದು ತಾಣ ಇನ್ನೂ ಕೇಳುತ್ತಲೇ ಇತ್ತು. ಇದೆ ಎಂದು ಒತ್ತಿದೆ.

ಮಗಳೇ, ನಿನ್ನಮ್ಮನಿಗೆ ಹೇಳಲು ನನ್ನ ಕೈಲಾಗುವುದಿಲ್ಲ. ದಿನಾ ಬೆಳಿಗ್ಗೆ ಹೇಳಬೇಕೆಂದು ಏಳುತ್ತೇನೆ, ಅವಳು ಆ ಕೋಣೆಯಲ್ಲಿ ಏನೋ ಗುನುಗುತ್ತಿರುತ್ತಾಳೆ. ಬಣ್ಣದವನು ಮುಂದಿನ ತಿಂಗಳ ಮೊದಲಲ್ಲಿ ಬರುತ್ತಾನೆ. ಅಷ್ಟರೊಳಗೆ ನೀನು ಬಾ.