ಎಡಗಡೆ ಸೀಟಿಗೆ ಒಂದು ಸಂಜೆ ಬನ್ನಿ

ನಮ್ಮ ಕಡೆಯ ಬಸ್ಸುಗಳ ಹಣೆಬರಹ ಬರೆಯುವ ಮಾನ್ಯ ಸಾರಿಗೆ ಅಧಿಕಾರಿಗಳೇ,

ಕುತೈಸಿ ಪಟ್ಟಣದಿಂದ ಗುಡ್ಡದ ಮೇಲಿನ ನಮ್ಮ ಹಳ್ಳಿ ಜೆದುಬಾನಿಗೆ ಸಂಜೆ ಏಳಕ್ಕೆ ಹೊರಡುತ್ತಿದ್ದ ಮಿನಿಬಸ್ಸನ್ನು ತಾವು ನಿಲ್ಲಿಸಿದಿರಿ. ಅದರಿಂದಾಗಿ ನನ್ನ ತಮ್ಮನ ಮಗಳು ಕಾರು ಕೊಂಡಳು. ಆ ಕಾರಿನಲ್ಲಿ ಅವಳೂ ನಾನೂ ಸಾಯುವ ಸಂಭವ ದಿನದಿನಕ್ಕೆ ಹೆಚ್ಚುತ್ತಿದೆ. ಇಷ್ಟೇ ನನ್ನ ದೂರು. ಸುತ್ತಿ ಬಳಸುವುದಕ್ಕೆ ನಮ್ಮ ಘಾಟಿ ರಸ್ತೆಯೊಂದೇ ಸಾಕು, ಪತ್ರವೂ ಯಾಕೆ ಸುತ್ತಬೇಕು?

ಬಸ್ಸು ಯಾಕೆ ನಿಂತಿತು ಎಂದು ಊರವರು ಕೇಳಿದಾಗ ತಮ್ಮ ಕಚೇರಿ ದಯಪಾಲಿಸಿದ ಉತ್ತರ ನನಗೆ ಬಾಯಿಪಾಠ ಆಗಿದೆ. ‘ವಿದ್ಯಾರ್ಥಿಗಳು ಈಚೆಗೆ ಸ್ವಂತ ಕಾರು ಹೊಂದುತ್ತಿರುವುದರಿಂದ ಸದರಿ ಬಸ್ಸಿಗೆ ಪ್ರಯಾಣಿಕರ ಕೊರತೆ ಉಂಟಾಗಿದ್ದು, ಸ್ವಂತ ವಾಹನವು ಯುವಜನರಲ್ಲಿ ಸ್ವಾವಲಂಬನೆ ಬೆಳೆಸುವುದರಿಂದ ಇದನ್ನು ಸ್ವಾಗತಾರ್ಹ ಬೆಳವಣಿಗೆಯೆಂದು ಪರಿಗಣಿಸಲಾಗಿದೆ.’ ಸ್ವಾಮಿ, ಬಸ್ಸು ನಿಂತದ್ದು ವಸಂತದಲ್ಲಿ, ಚೆರಿ ಹೂ ಬಿಡುವ ಕಾಲಕ್ಕೆ. ನಮ್ಮ ಹುಡುಗಿ ಕಾರು ತಂದದ್ದು ಶರತ್ಕಾಲದಲ್ಲಿ, ದ್ರಾಕ್ಷಿ ಕೊಯ್ಲು ಮುಗಿದ ಮೇಲೆ. ಅಂದರೆ ಅವಳು ಇನ್ನೂ ಕೊಳ್ಳದ ಕಾರನ್ನು ನೋಡಿ ತಾವು ಬಸ್ಸು ನಿಲ್ಲಿಸಿದಿರಿ. ಇಷ್ಟು ದೂರದೃಷ್ಟಿ ಇರುವವರನ್ನು ಕಚೇರಿಯಲ್ಲಿ ಯಾಕೆ ಕೂರಿಸಿದ್ದಾರೋ, ನಮ್ಮ ಕಾರಿನ ಎಡಗಡೆ ಸೀಟಿನಲ್ಲಿ ಕೂರಿಸಬೇಕಿತ್ತು. ‘ಕಾರಣ’ ಎಂಬುದರಲ್ಲಿ ಕಾರು ಇದೆ ಎಂದ ಮಾತ್ರಕ್ಕೆ ಎಲ್ಲ ಕಾರಣವನ್ನೂ ಕಾರಿನ ಮೇಲೆ ಹೇರಬಹುದೇ? ಅಧಿಕ ಕಾರು ಉಳ್ಳವನೇ ಅಧಿಕಾರಿ ಎಂದು ನಮ್ಮ ನಾಟಕದ ಹುಡುಗರು ತಮಾಷೆ ಮಾಡುತ್ತಾರೆ. ತಮ್ಮ ಕಚೇರಿಯ ಅಂಗಳವನ್ನು ಕಂಡವರು ಅದಕ್ಕೆ ನಗುವುದಿಲ್ಲ.

ನನ್ನ ಪರಿಚಯ ಹೇಳಿಕೊಳ್ಳಬೇಕು. ನಾನು ಕುತೈಸಿಯ ಒಂದು ನಾಟಕ ಮಂದಿರದಲ್ಲಿ ಹಗಲಿನ ಪ್ರದರ್ಶನಗಳಿಗೆ ಪ್ರಾಂಪ್ಟರು. ಪರದೆಯ ಹಿಂದೆ ಕೂತು, ಮಾತು ಮರೆತ ನಟರಿಗೆ ಮುಂದಿನ ಮಾತನ್ನು ಪಿಸುಗುಟ್ಟುವುದು ನನ್ನ ಕಸುಬು. ಎಷ್ಟೋ ರಾಜರು ನಾನು ಹೇಳಿಕೊಟ್ಟ ಮೇಲೆಯೇ ಯುದ್ಧ ಸಾರಿದ್ದಾರೆ. ಹುಡುಗಿಯ ಹೆಸರು ತೆಕ್ಲೆ. ವಿಶ್ವವಿದ್ಯಾಲಯದಲ್ಲಿ ಔಷಧಶಾಸ್ತ್ರ ಓದುತ್ತಿದ್ದಾಳೆ. ಅವಳ ಪ್ರಯೋಗಾಲಯದ ತರಗತಿ ಮುಗಿಯುವುದು ಸಂಜೆ ಆರೂವರೆಗೆ. ತಾವು ಕೃಪೆಯಿಟ್ಟು ಉಳಿಸಿರುವ ಕೊನೆಯ ಬಸ್ಸು ಹೊರಡುವುದು ನಾಲ್ಕಕ್ಕೆ. ಪಟ್ಟಣದಲ್ಲಿ ಕೋಣೆ ಹಿಡಿಯೋಣವೆಂದು ಹೋದ ನನ್ನ ತಮ್ಮ ಅಮಿರಾನ್ ಬಾಡಿಗೆ ಕೇಳಿ ಬಂದು, “ಅಕ್ಕಾ, ನನ್ನನ್ನೇ ಯಾರಾದ್ರೂ ಬಾಡಿಗೆಗೆ ತಗೋತಾರಾ ವಿಚಾರಿಸು” ಅಂದ. ಹೀಗೆ ಕಾರು ಬಂತು.

ಕಾರು ಮಾರಿದವನು ಅಂಬಾಕೊ. ತಾವು ನಿಲ್ಲಿಸಿದ ಆ ಏಳು ಗಂಟೆಯ ಬಸ್ಸಿನ ಚಾಲಕ. ಬಸ್ಸು ಹೋದ ಮೇಲೆ ಮನೆಯ ಕಾರನ್ನೂ ಮಾರಲು ನಿಂತಿದ್ದ. ಜಪಾನಿನಿಂದ ಬಂದ ಹಳೆಯದು, ಮುಂದಿನ ಬಂಪರಿಲ್ಲ, ಮತ್ತು ಸ್ಟಿಯರಿಂಗ್ ಬಲಗಡೆ. ನಮ್ಮ ದೇಶದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲೇ ಓಡುವುದರಿಂದ, ಬಲಗಡೆ ಸ್ಟಿಯರಿಂಗ್ ಹಿಡಿದವಳು ಚರಂಡಿಯ ಪಕ್ಕ ಕೂತಿರುತ್ತಾಳೆ. ಚರಂಡಿ ಚೆನ್ನಾಗಿ ಕಾಣುತ್ತದೆ. ಮುಂದೆ ಲಾರಿ ಇದ್ದರೆ ಲಾರಿಯ ಬೆನ್ನು ಕಾಣುತ್ತದೆ. ಎದುರಿನಿಂದ ಬರುತ್ತಿರುವುದು ಮಾತ್ರ ಕಾಣುವುದಿಲ್ಲ. ಅದು ಕಾಣುವುದು ಎಡಗಡೆ ಕೂತವರಿಗೆ. ಆದ್ದರಿಂದಲೇ ಈ ಕಾರುಗಳು ಅಗ್ಗ, ಆದ್ದರಿಂದಲೇ ವಿದ್ಯಾರ್ಥಿಗಳು ಕೊಳ್ಳುವುದು ಇವನ್ನೇ.

“ಓಡಿಸೋದೇನೂ ಕಷ್ಟ ಇಲ್ಲ ಕಣಮ್ಮಾ” ಅಂದ ಅಂಬಾಕೊ, ತೆಕ್ಲೆಯ ಕೈಗೆ ಕೀಲಿ ಕೊಡುತ್ತಾ. “ಪಕ್ಕದಲ್ಲಿ ನಂಬಿಕಸ್ಥರೊಬ್ರು ಕೂತಿರ್ಬೇಕು, ಅಷ್ಟೆ. ಹೋಗು ಅಂದ್ರೆ ಹೋಗೋದು, ಬೇಡ ಅಂದ್ರೆ ಸುಮ್ನಿರೋದು. ಇಷ್ಟು ವರ್ಷ ನನ್ ಹೆಂಡ್ತಿ ಕೂತಿದ್ಳು.”

“ಈಗೇನಾಯ್ತು ಅವರಿಗೆ?” ಅಂದೆ ನಾನು.

“ಏನೂ ಆಗಿಲ್ಲ. ನನ್ ಹತ್ರ ಮಾತು ಬಿಟ್ಟಿದಾಳೆ.”

ಬಲಗಡೆ ಕೂತವಳಿಗೆ ಬಲವಿಲ್ಲ, ಎಡಗಡೆ ಕೂತವಳು ಎಡವುವಂತಿಲ್ಲ. ಇದೇ ತಾವು ಸ್ವಾಗತಿಸಿದ ಸ್ವಾವಲಂಬನೆ. ಎಲ್ಲಿದೆ ಸ್ವಾಮಿ, ಇದರಲ್ಲಿ ‘ಸ್ವ’? ಮಗು ನಡೆಯಲು ಕಲಿಯುವಾಗಲೂ ತಾಯಿಯ ಕಣ್ಣನ್ನು ಇಷ್ಟು ನೆಚ್ಚಿಕೊಂಡಿರುವುದಿಲ್ಲ.

ವಿದ್ಯಾರ್ಥಿಗಳು ಕಾರು ಇಟ್ಟುಕೊಳ್ಳಲೇಬಾರದು ಎಂದು ವಾದಿಸುವ ಮುದುಕಿ ನಾನಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಮೊದಲ ವಾರ ನನಗೂ ಖುಷಿಯಾಗಿತ್ತು. ತೆಕ್ಲೆ ಹಾಡಿಕೊಂಡು ಓಡಿಸುತ್ತಿದ್ದಳು. ದಾರಿಯಲ್ಲಿ ಹಸುಗಳು ಮಲಗಿದ್ದರೆ ಇಳಿದು ಅವುಗಳನ್ನು ಹೆಸರಿಟ್ಟು ಕರೆದು ಏಳಿಸುತ್ತಿದ್ದಳು. ಗೊತ್ತಿಲ್ಲದ ಹುಡುಗರ ಕಾರಿಗೆ ಕೈ ಅಡ್ಡ ಹಿಡಿಯುವ ಕಷ್ಟ ತಪ್ಪಿತು. ಬೆಳಿಗ್ಗೆ ನಿದ್ದೆಗಣ್ಣಲ್ಲಿ ಬಸ್ಸಿನ ಹಿಂದೆ ಓಡುವುದೂ ತಪ್ಪಿತು. ಆದರೆ ಬಿಡುವಿನ ವೇಳೆ ಪುಸ್ತಕ ಹಿಡಿಯುತ್ತಿದ್ದ ಕೈ ಈಗ ಸ್ಪ್ಯಾನರು ಹಿಡಿಯುತ್ತದೆ. ಮಾತ್ರೆಯಲ್ಲಿ ಏನೇನಿದೆ ಎಂದು ಓದಬೇಕಾದವಳು ಬ್ಯಾಟರಿಯಲ್ಲಿ ಯಾಕೆ ಏನೂ ಇಲ್ಲ ಎಂದು ಯೋಚಿಸುತ್ತಾಳೆ. ಅದನ್ನೂ ಸಹಿಸಬಹುದು. ಬೇಕೆಂದು ಕಾರು ಕೊಂಡವರು ಬೇಡವೆನಿಸಿದ ದಿನ ಅದನ್ನು ಮನೆಯ ಮುಂದೆ ನಿಲ್ಲಿಸಿ ಬಸ್ಸು ಹತ್ತುತ್ತಾರೆ. ಬಸ್ಸೇ ಇಲ್ಲದವಳು ಮಂಜು ಬಿದ್ದ ದಿನವೂ ಕೀಲಿ ತಿರುಗಿಸಲೇಬೇಕು. ಕಾರು ಇರಬೇಕೋ ಬೇಡವೋ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳಿಗೆ ಬಿಡೋಣ. ಆದರೆ ಅವರಿಗೆ ಆ ಪ್ರಶ್ನೆಯನ್ನಾದರೂ ಉಳಿಸಿದ್ದೀರಾ?

ನಮ್ಮ ದಿನಚರಿ ಹೀಗಿದೆ. ಪಟ್ಟಣ ದಾಟಿ ಏರು ಶುರುವಾದ ಕೂಡಲೇ ಮುಂದೆ ಮರದ ದಿಮ್ಮಿಯ ಲಾರಿಯೊಂದು ಸಿಗುತ್ತದೆ.

“ಹೋಗ್ಲಾ ಅತ್ತೆ?”

“ಬೇಡ.”

“ಈಗ?”

“ತಾಳೇ, ಏನೋ ಬರ್ತಿದೆ.”

“ಏನು ಬರ್ತಿದೆ?”

“ಬಂದ್ಮೇಲೆ ಹೇಳ್ತೀನಿ.”

“ಅತ್ತೆ, ನಿನ್ನ ನಟರೆಲ್ಲ ಹೇಗೆ ಬದುಕ್ತಾರೆ? ನೀನು ಮಾತು ಹೇಳಿಕೊಡೋ ಹೊತ್ಗೆ ಪರದೆ ಬಿದ್ದಿರತ್ತೆ.”

ತಮಾಷೆ ಮಾಡುತ್ತಾಳೆ, ಆದರೆ ಲಾರಿಯ ಬೆನ್ನಿನಿಂದ ಕಣ್ಣು ತೆಗೆಯುವುದಿಲ್ಲ. ನಾನು ಕತ್ತು ಉದ್ದ ಮಾಡಿ, ಲಾರಿಯ ಅಂಚಿನಾಚೆ ಕಣ್ಣು ನೆಟ್ಟು, ಆ ತಿರುವಿನ ಹಿಂದೆ ಏನೂ ಇಲ್ಲವೆಂದು ಯಾವ ಧೈರ್ಯದಲ್ಲಿ ಹೇಳಲಿ ಎಂದುಕೊಳ್ಳುತ್ತಲೇ “ಈಗ” ಎನ್ನುತ್ತೇನೆ. ಅವಳು ಒಂದು ಚೂರೂ ಅನುಮಾನಿಸದೆ ಏನೂ ಕಾಣದ ರಸ್ತೆಗೆ ಕಾರನ್ನು ಹೊರಳಿಸುತ್ತಾಳೆ. ಆ ನಂಬಿಕೆಯೇ ನನಗೆ ಭಯ. ರಂಗದ ಮೇಲೆ ನಾನು ತಪ್ಪು ಹೇಳಿಕೊಟ್ಟರೆ ರಾಜ ತನ್ನ ಹೆಂಡತಿಯನ್ನು ತಾಯಿ ಎಂದು ಕರೆದಾನು. ಜನ ನಕ್ಕಾರು. ಇಲ್ಲಿ ನಗಲು ಯಾರು ಉಳಿದಿರುತ್ತಾರೆ?

ಆ ಸಂಜೆಯ ಕತೆಗೆ ಬರುತ್ತೇನೆ. ಮಂಜು ಮುಸುಕಿತ್ತು. ಮುಂದೆ ದಿಮ್ಮಿಯ ಲಾರಿ. ಒಂದು ನೇರ ಹಾದಿ ಸಿಕ್ಕಿತು, ಮಂಜು ಕೊಂಚ ಸರಿದು ದೂರದವರೆಗೆ ಖಾಲಿ ಕಂಡಿತು. ನಾನು “ಈಗ” ಅಂದೆ. ತೆಕ್ಲೆ ಹೊರಳಿಸಿದಳು. ಲಾರಿಯ ನಡು ದಾಟುವ ಹೊತ್ತಿಗೆ ಗುಡ್ಡದ ಮೇಲೆ, ಮಂಜಿನ ನಡುವಿನಿಂದ, ನಮ್ಮೂರಿನ ಇಗರ್ಜಿಯ ಶಿಖರ ಕಾಣಿಸಿತು.

ನಮ್ಮ ಜನರಿಗೆ ಹೇಳಬೇಕಾದ್ದಿಲ್ಲ. ಇಗರ್ಜಿ ಕಂಡರೆ ಕೈ ತಾನಾಗಿಯೇ ಹಣೆಗೆ ಹೋಗುತ್ತದೆ. ಬಸ್ಸಿನಲ್ಲಿ ಆ ಜಾಗ ಬಂದಾಗ ಚಾಲಕನ ಸಮೇತ ಎಲ್ಲರೂ ಮೂರು ಸಲ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದೆವು. ನಾನು ಬುದ್ಧಿ ಬಂದಾಗಿನಿಂದ ಹಾಕಿಕೊಂಡವಳು. ತಲೆ ಅತ್ತ ತಿರುಗಿತು, ಕಣ್ಣು ಮುಚ್ಚಿತು, ಕೈ ಎದ್ದಿತು. ನಾನು ಪ್ರಯಾಣಿಕಳಲ್ಲ, ಕಣ್ಣು ಎಂಬುದು ಮರೆತೇ ಹೋಯಿತು. ಎರಡನೆಯ ಶಿಲುಬೆ ಮುಗಿಯುವ ಮೊದಲು ತೆಕ್ಲೆ “ಅತ್ತೆ” ಎಂದಳು. ಕೂಗಲಿಲ್ಲ, ಮೆಲ್ಲಗೆ ಅಂದಳು, ಮಾತು ಮರೆತ ನಟಿ ಪರದೆಯ ಕಡೆ ತಿರುಗಿ ಕರೆದ ಹಾಗೆ. ಕಣ್ಣು ಬಿಟ್ಟರೆ ಎದುರಿಗೆ ಎರಡು ದೀಪ. ನನ್ನ ಗಂಟಲಿನಿಂದ ಏನೂ ಬರಲಿಲ್ಲ.

ಲಾರಿಯವನು ಬ್ರೇಕು ಒತ್ತಿ ತನ್ನ ಗಾಡಿಯನ್ನು ಚರಂಡಿಯ ಅಂಚಿಗೆ ಸರಿಸಿದ. ನಾವು ಅವನು ಬಿಟ್ಟ ಜಾಗಕ್ಕೆ ನುಗ್ಗಿದೆವು. ಎದುರಿನ ಕಾರು ನನ್ನ ಬದಿಯ ಕನ್ನಡಿಯನ್ನಷ್ಟೇ ಕಿತ್ತುಕೊಂಡು ಹೋಯಿತು. ನಾನು ಕಿಟಕಿಯಿಂದ ಕೈ ಹೊರಗಿಟ್ಟಿದ್ದರೆ ಎಡಗೈ ಹೋಗಿ ಶಿಲುಬೆ ಹಾಕುವ ಬಲಗೈ ಮಾತ್ರ ಉಳಿಯುತ್ತಿತ್ತು ಎಂದು ಆಮೇಲೆ ಜೋಕು ಹೊಳೆಯಿತು. ಯಾರಿಗೂ ಹೇಳಲಿಲ್ಲ.

ಲಾರಿಯವನು ಇಳಿದು ಬಂದು ಮೊದಲು ತೆಕ್ಲೆಯನ್ನು ನೋಡಿದ, ಆಮೇಲೆ ನನ್ನನ್ನು.

“ಎಡಗಡೆ ಕೂತಿದ್ದೋರು ನೀವೇನಾ?”

“ಹೌದಪ್ಪ.”

“ಕಣ್ಣು ಮುಚ್ಕೊಂಡಿದ್ರಿ.”

“ದೇವರ ಕಡೆ ತಿರುಗಿದ್ದೆ.”

“ದೇವರು ಹೇಗೂ ಈ ಕಡೆ ನೋಡ್ತಿದ್ನಲ್ಲಮ್ಮಾ. ನೀವು ರಸ್ತೆ ನೋಡ್ಬೋದಿತ್ತು.”

ಅವನು ಬೈದಿದ್ದರೆ ಚೆನ್ನಾಗಿತ್ತು.

ಅವನು ಹೋದ ಮೇಲೆ ತೆಕ್ಲೆ ಇಳಿದು, ಕನ್ನಡಿಯ ಚೂರುಗಳನ್ನು ರಸ್ತೆಯಿಂದ ಬದಿಗೆ ಸರಿಸಿ ಬಂದಳು. ಆಮೇಲೆ, “ಅತ್ತೆ, ನಾಳೆಯಿಂದ ನೀನು ಬರ್ಬೇಡ” ಅಂದಳು.

“ನೀನೊಬ್ಳೇ ಹೋಗ್ತೀಯಾ?”

“ಲಾರಿ ಹಿಂದೇನೇ ಹೋಗ್ತೀನಿ. ಎಷ್ಟು ಹೊತ್ತಾದ್ರೂ ಪರ್ವಾಗಿಲ್ಲ.”

“ನಿನ್ ವಯಸ್ಸಿನೋರು ಯಾರೂ ಲಾರಿ ಹಿಂದೆ ಇರಲ್ಲ ಕಣೇ.”

“ಹಾಗಾದ್ರೆ ಓದೋದು ಬಿಡ್ತೀನಿ. ಅಪ್ಪಂಗೆ ನೀನೇ ಹೇಳು.”

ಹೇಳಲಿಲ್ಲ. ಏನೆಂದು ಹೇಳಲಿ? ಮಾರನೆಯ ದಿನ ನಾನು ಅದೇ ಎಡಗಡೆ ಸೀಟಿನಲ್ಲಿ ಹೋಗಿ ಕೂತೆ. ಕನ್ನಡಿಯ ಜಾಗಕ್ಕೆ ಅಮಿರಾನ್ ಗಡ್ಡ ಕೆರೆಯುವ ಕನ್ನಡಿಯನ್ನು ತಂತಿಯಲ್ಲಿ ಬಿಗಿದಿದ್ದ. ಅದರಲ್ಲಿ ಹಿಂದಿನ ರಸ್ತೆಗಿಂತ ನನ್ನ ಮುಖವೇ ಹೆಚ್ಚು ಕಾಣುತ್ತದೆ, ನೋಡುವಂಥದ್ದೇನೂ ಇಲ್ಲ. ಅಂದಿನಿಂದ ಒಂದು ತೊಂದರೆ ಶುರುವಾಗಿದೆ. “ಬೇಡ” ಎಂದು ಎಷ್ಟು ಸಲ ಬೇಕಾದರೂ ಅನ್ನುತ್ತೇನೆ. “ಈಗ” ಎಂಬುದು ಮಾತ್ರ ಬಾಯಿಗೆ ಬರುತ್ತಿಲ್ಲ. ರಸ್ತೆ ಪೂರ್ತಿ ಖಾಲಿ ಇದ್ದರೂ “ಬೇಡ” ಎಂದೇ ಅನ್ನುತ್ತೇನೆ. ಲಾರಿಯ ಹೊಗೆ ಕುಡಿಯುತ್ತಾ ತೆವಳುತ್ತೇವೆ. ಹಿಂದಿನವರು ಹಾರ್ನ್ ಹೊಡೆದು, ನಮ್ಮನ್ನೂ ಲಾರಿಯನ್ನೂ ಒಟ್ಟಿಗೆ ದಾಟುತ್ತಾ ಕಿಟಕಿಯಿಂದ ಏನೇನೋ ಹರಸುತ್ತಾರೆ.

ಇದರ ಬಗ್ಗೆ ನಾನು ಪತ್ರ ಬರೆಯುತ್ತಿರಲಿಲ್ಲ. ನಿಧಾನವಾಗಿ ಹೋಗಿ ಯಾರೂ ಸತ್ತಿಲ್ಲ. ಬರೆಯಿಸಿದ್ದು ಕಳೆದ ವಾರದ ಸಂಗತಿ. ಲಾರಿಯ ಹಿಂದೆ ಹೋಗುತ್ತಿದ್ದೆವು. ತೆಕ್ಲೆ “ಹೋಗ್ಲಾ” ಎಂದು ಕೇಳುತ್ತಾಳೆ, “ಬೇಡ” ಅನ್ನೋಣವೆಂದು ನಾನು ಬಾಯಿ ಸಿದ್ಧಮಾಡಿಕೊಂಡು ಕಾಯುತ್ತಿದ್ದೆ. ಅವಳು ಕೇಳಲಿಲ್ಲ. ಕೇಳದೆಯೇ ಹೊರಳಿಸಿದಳು. ದಾಟಿದೆವು, ಏನೂ ಆಗಲಿಲ್ಲ. ಎದುರಿಗೆ ಏನೂ ಇರಲಿಲ್ಲ ಎಂಬುದು ಹೊರಳಿಸಿದ ಮೇಲಷ್ಟೇ ಅವಳಿಗೆ ಗೊತ್ತಾಯಿತು.

“ಯಾಕೆ ಕೇಳ್ಲಿಲ್ಲ?” ಅಂದೆ.

“ನೀನು ಬೇಡ ಅಂತೀಯಲ್ಲ ಅತ್ತೆ, ಯಾವಾಗ್ಲೂ.”

ಮಾತು ಮರೆತವರಿಗೆ ಹೇಳಿಕೊಡುವುದು ನನಗೆ ಗೊತ್ತು. ಕಿವಿಗೊಡುವುದನ್ನೇ ಬಿಟ್ಟವರಿಗೆ ಏನು ಹೇಳಿಕೊಡಲಿ? ನಿನ್ನೆ ಗುಡ್ಡದ ನೆತ್ತಿಯಲ್ಲಿ ಮೊದಲ ಹಿಮ ಬಿದ್ದಿದೆ.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ. ಹಿಮ ರಸ್ತೆಗೆ ಇಳಿಯುವ ಮೊದಲು ಆ ಏಳು ಗಂಟೆಯ ಬಸ್ಸನ್ನು ಮರಳಿ ಓಡಿಸಿ. ಅಂಬಾಕೊ ಮನೆಯಲ್ಲೇ ಇದ್ದಾನೆ. ಅವನ ಹೆಂಡತಿ ಮಾತು ಬಿಟ್ಟಿರುವುದರಿಂದ ಸಂಜೆ ಹೊರಗೆ ಕಳಿಸಿದರೆ ಇಬ್ಬರಿಗೂ ಉಪಕಾರ. ನಾಲ್ಕೇ ಜನ ಇದ್ದರೂ ಓಡಿಸಿ. ಸೀಟು ಖಾಲಿ ಹೋದರೆ ನಷ್ಟ ಎನ್ನುತ್ತೀರಿ. ಮನೆಯಲ್ಲಿ ಒಂದು ಕುರ್ಚಿ ಖಾಲಿಯಾದರೆ ಅದನ್ನು ತಮ್ಮ ಕಚೇರಿ ಯಾವ ಬೆಳವಣಿಗೆಯೆಂದು ಪರಿಗಣಿಸುತ್ತದೆ?

ಅದು ಆಗದೆಂದಾದರೆ, ಒಂದೇ ಒಂದು ಸಂಜೆ ತಾವು ಬನ್ನಿ. ಪ್ರಯೋಗಾಲಯದ ಗೇಟಿನಲ್ಲಿ ಆರೂವರೆಗೆ ಕಾಯುತ್ತಿರುತ್ತೇವೆ; ಬಂಪರಿಲ್ಲದ ಕಾರು, ಗುರುತು ಸಿಗುತ್ತದೆ. ನಾನು ಹಿಂದೆ ಕೂರುತ್ತೇನೆ, ಎಡಗಡೆ ಸೀಟು ತಮಗೆ. ಮಡಿಲಲ್ಲಿ ಇಟ್ಟುಕೊಳ್ಳಲು ಬಿಸಿ ರೊಟ್ಟಿಯನ್ನೂ ಕೊಡುತ್ತೇನೆ, ಆ ಸೀಟಿನಲ್ಲಿ ಕೂತವರಿಗೆ ಏನಾದರೂ ಹಿಡಿದುಕೊಳ್ಳಬೇಕಾಗುತ್ತದೆ. ಏರಿನಲ್ಲಿ ಲಾರಿ ಸಿಕ್ಕಾಗ ತೆಕ್ಲೆ ತಮ್ಮ ಕಡೆ ನೋಡುವುದಿಲ್ಲ, ಮುಂದೆಯೇ ನೋಡುತ್ತಾ “ಹೋಗ್ಲಾ ಸರ್?” ಎಂದು ಕೇಳುತ್ತಾಳೆ. ತಮ್ಮನ್ನು ಅವಳು ಖಂಡಿತ ಕೇಳುತ್ತಾಳೆ, ದೊಡ್ಡವರೆಂದು ನಂಬುತ್ತಾಳೆ.

ಆಗ ತಾವು ಮಂಜಿನೊಳಗೆ ಕಣ್ಣು ನೆಟ್ಟು, ಅವಳಿಗೆ “ಈಗ” ಎಂದು ಹೇಳಿ. ಹೇಳಲು ಬಾಯಿ ಬಂದರೆ ಬಸ್ಸು ಬೇಡ.

ಇಂತಿ,
ತಮಗಾಗಿ ಸೀಟು ಬಿಟ್ಟುಕೊಡಲು ಕಾದಿರುವ, ಒಂದು ಮಾತು ಮರೆತ ಪ್ರಾಂಪ್ಟರು,
ಜೆದುಬಾನಿಯ ಜುಜುನಾ