ಪೂಜೆಯಲ್ಲಿ ತಿರುಗಿದ ಗುಂಡಿ

ನ್ಯಾಮತಿ, ಮಂಗಳವಾರ

ಹೋರಾಟದ ಹಾಡಿನ ತಂಡದ ಮುಖ್ಯಸ್ಥರಾದ ಕಲ್ಲೇಶಣ್ಣನವರಿಗೆ,

ಹೊನ್ನಾಳಿ ಸಭೆಯಲ್ಲಿ ನಾನು ಮಾರ್ದನಿ ಕೊಡುವ ರಿವರ್ಬ್ ಪೆಡಲ್ ಒತ್ತಿದೊಡನೆ ಗಿಟಾರಿನ ಸದ್ದು ಕುಸಿಯಿತು. "ಹೆಣ್ಣುಮಕ್ಕಳ ಬೆರಳಾಗೆ ಕಸುವೆಲ್ಲೈತ್ರೀ?" ಎಂದು ನೀವು ಮೈಕಿನಲ್ಲೇ ಹಂಗಿಸಿದಿರಿ. ಈಗ ಮುಂದಿನ ಜಗಳೂರು ಸಭೆಗೆ ನಾನು ಬರಬಾರದಂತೆ!

ಆಯುಧಪೂಜೆಗೆ ಪೆಡಲ್ ಒರೆಸಿ ವಿಭೂತಿ ಹಚ್ಚಿದವರು ನೀವು. ಆಗಲೇ ಅದರ ಮಿಕ್ಸ್ ಗುಂಡಿ ಕೊನೆಯವರೆಗೆ ತಿರುಗಿದೆ. ಹಾಗೆ ತಿರುಗಿದರೆ ತಂತಿಯ ನೇರ ದನಿ ಸತ್ತು ಬರೀ ಮಾರ್ದನಿ ಉಳಿಯುತ್ತದೆ. ನೋಡದೆ ನುಡಿಸಿದ್ದು ನನ್ನ ತಪ್ಪು. ಇಂದು ಗುಂಡಿಯನ್ನು ಅರ್ಧಕ್ಕೆ ಇಳಿಸಿ ನುಡಿಸಿದೆ. "ನಿಲ್ಸೇ, ಕಿವಿ ಹೋದ್ವು!" ಎಂದು ಅಮ್ಮಿ ಕೂಗಿದರು.

ಜಗಳೂರಿನಲ್ಲಿ ನಾನೇ ನುಡಿಸುತ್ತೇನೆ. ಮೊದಲು ಜನರೆದುರು ಕ್ಷಮೆ ಕೇಳಿ. ಆಗದಿದ್ದರೆ ಹೆಣ್ಣುಮಕ್ಕಳ ಸಮಾನತೆಯ ಹಾಡನ್ನು ಪಟ್ಟಿಯಿಂದ ಕಿತ್ತುಹಾಕಿ. ಅದನ್ನು ಬರೆದವಳು ನಾನು.

ಇನ್ನೂ ತಂಡದಲ್ಲೇ ಇರುವ,
ರುಹೀನಾ